ಪಿಆರ್‌ಪಿ ಹಾಕಿಸಿಕೊಂಡರೆ ಬೇಗ ಮೈದಾನಕ್ಕೆ ಇಳಿಯಬಹುದಾ?

ಪ್ರಶ್ನೆ: ನಾನು ವೃತ್ತಿಪರ ಫುಟ್‌ಬಾಲ್ ಆಟಗಾರ, ವಯಸ್ಸು 26. ಒಂಬತ್ತು ದಿನದ ಹಿಂದೆ ಜೋರಾಗಿ ಓಡುವಾಗ ಬಲತೊಡೆಯ ಹಿಂದೆ ಹ್ಯಾಮ್‌ಸ್ಟ್ರಿಂಗ್ ಹರಿಯಿತು. ಸ್ನಾಯು ಮತ್ತು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಸೇರುವ ಜಾಗದಲ್ಲಿ ಸ್ವಲ್ಪ ಭಾಗ ಹರಿದಿದೆ, ಟೆಂಡನ್‌ಗೆ ಏನೂ ಆಗಿಲ್ಲ ಎಂದು ಎಂಆರ್‌ಐ ವರದಿ ಹೇಳುತ್ತದೆ. ಐದು ವಾರಕ್ಕೆ ದೊಡ್ಡ ಪಂದ್ಯ ಇದೆ. ಎಡ ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ನಲ್ಲಿ ಎರಡು ವರ್ಷದಿಂದ ನೋವು ಬೇರೆ. ಒಬ್ಬ ಜೊತೆಗಾರ ಪಿಆರ್‌ಪಿ ಇಂಜೆಕ್ಷನ್ ಹಾಕಿಸಿಕೊಂಡು ಮೂರೇ ವಾರದಲ್ಲಿ ಆಡಿದ. ಏಜೆಂಟ್ ಬೇರೆ ದೇಶಕ್ಕೆ ಹೋಗಿ ಸ್ಟೆಮ್ ಸೆಲ್ ಹಾಕಿಸು ಅನ್ನುತ್ತಾರೆ. ಫಿಸಿಯೋ ಎರಡೂ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ? ಡೋಪಿಂಗ್ ಪರೀಕ್ಷೆಯಲ್ಲಿ ತೊಂದರೆ ಆಗುತ್ತದಾ?

ಉತ್ತರ: ಫಿಸಿಯೋ ಮಾತು ಕೇಳಿ. ಹ್ಯಾಮ್‌ಸ್ಟ್ರಿಂಗ್‌ಗೆ ಪಿಆರ್‌ಪಿ ಬೇಡ. ಮಂಡಿಗೆ ಈಗಂತೂ ಬೇಡ, ಸೀಸನ್ ಮುಗಿದ ಮೇಲೆ ಬೇಕಾದರೆ ಯೋಚಿಸಬಹುದು. ಸ್ಟೆಮ್ ಸೆಲ್‌ಗಾಗಿ ವಿಮಾನ ಹತ್ತಬೇಡಿ. ಇಷ್ಟು ಸಾಕು ಅನ್ನುವುದಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮ ಏಜೆಂಟ್ ನಾಳೆ ಮತ್ತೆ ಫೋನ್ ಮಾಡುತ್ತಾರೆ, ಆಗ ಹೇಳಲು ನಿಮ್ಮ ಹತ್ತಿರ ಕಾರಣ ಇರಬೇಕಲ್ವಾ? ಅದಕ್ಕೇ ಉಳಿದದ್ದನ್ನೂ ಬರೆಯುತ್ತೇನೆ.

ಮೊದಲು ಈ ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಏನು ಅಂತ ನೋಡೋಣ. ನಿಮ್ಮ ತೋಳಿನಿಂದ 15ರಿಂದ 60 ಎಂಎಲ್ ರಕ್ತ ತೆಗೆಯುತ್ತಾರೆ. ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಭಾರ ಇರುವ ಕೆಂಪು ಕಣಗಳು ತಳಕ್ಕೆ ಹೋಗುತ್ತವೆ, ತಿಳಿ ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಪದರವನ್ನು ಸಿರಿಂಜ್‌ಗೆ ಎಳೆದುಕೊಂಡು, ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಾ ಗಾಯದ ಜಾಗಕ್ಕೇ ಚುಚ್ಚುತ್ತಾರೆ. ಅಷ್ಟೇ. ಮಾಮೂಲಿ ರಕ್ತದಲ್ಲಿ ಒಂದು ಮೈಕ್ರೋಲೀಟರ್‌ಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಪಿಆರ್‌ಪಿಯಲ್ಲಿ ಅದರ ಮೂರರಿಂದ ಐದು ಪಟ್ಟು ಇರಲಿ ಅನ್ನುವುದು ಲೆಕ್ಕಾಚಾರ.

ಲೆಕ್ಕಾಚಾರದಲ್ಲಿ ತರ್ಕ ಇದೆ, ಇಲ್ಲ ಅನ್ನುವುದಿಲ್ಲ. ಗಾಯ ಆದಾಗ ಮೊದಲು ಬರುವುದು ಪ್ಲೇಟ್‌ಲೆಟ್‌ಗಳೇ. ರಕ್ತ ಹೆಪ್ಪುಗಟ್ಟಿಸುತ್ತವೆ, ಜೊತೆಗೆ ತಮ್ಮೊಳಗಿನ ಬೆಳವಣಿಗೆ ಅಂಶಗಳನ್ನು ಹೊರಗೆ ಬಿಡುತ್ತವೆ. ಆ ಅಂಶಗಳು ದುರಸ್ತಿ ಮಾಡುವ ಜೀವಕೋಶಗಳನ್ನು ಕರೆಯುತ್ತವೆ, ಹೊಸ ರಕ್ತನಾಳ ಬೆಳೆಯಲು ಸೂಚನೆ ಕೊಡುತ್ತವೆ. ಹಾಗಾದರೆ ಇನ್ನಷ್ಟು ಪ್ಲೇಟ್‌ಲೆಟ್ ಸುರಿದರೆ ಇನ್ನಷ್ಟು ಬೇಗ ವಾಸಿ ಆಗಬೇಕಲ್ವಾ? ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ತೊಡೆಯನ್ನೇ ನೋಡಿ. ಸ್ನಾಯು ಹರಿದ ದಿನ ಅಲ್ಲಿ ರಕ್ತ ಸೋರಿತು, ಮರುದಿನ ನೀಲಿ ಕಟ್ಟಿರಬೇಕು. ಆ ನೀಲಿ ಕಟ್ಟಿದ ರಕ್ತದ ತುಂಬ ಪ್ಲೇಟ್‌ಲೆಟ್‌ಗಳೇ ಇದ್ದವು. ಸ್ನಾಯುವಿಗೆ ರಕ್ತದ ಕೊರತೆ ಯಾವತ್ತೂ ಇಲ್ಲ. ಬಾವಿ ತುಂಬಿರುವಾಗ ಕೊಡದಲ್ಲಿ ನೀರು ತಂದು ಸುರಿದ ಹಾಗೆ.

ತರ್ಕ ಬಿಡಿ, ಪ್ರಯೋಗ ಮಾಡಿ ನೋಡಿದವರು ಏನು ಕಂಡರು? 2014ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಹ್ಯಾಮ್‌ಸ್ಟ್ರಿಂಗ್ ಹರಿದ 80 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪಿಆರ್‌ಪಿ, ಇನ್ನೊಂದಕ್ಕೆ ಬರೀ ಸಲೈನ್. ಯಾರಿಗೆ ಯಾವುದು ಅಂತ ಆಟಗಾರರಿಗೂ ಗೊತ್ತಿಲ್ಲ, ನೋಡಿಕೊಂಡ ಫಿಸಿಯೋಗಳಿಗೂ ಗೊತ್ತಿಲ್ಲ. ಆಟಕ್ಕೆ ಮರಳಲು ಬೇಕಾದ ಮಧ್ಯಮ ಅವಧಿ ಪಿಆರ್‌ಪಿ ಗುಂಪಿನಲ್ಲಿ 42 ದಿನ, ಸಲೈನ್ ಗುಂಪಿನಲ್ಲೂ 42 ದಿನ. ಮರುವರ್ಷ ಕತಾರ್‌ನಲ್ಲಿ ನಿಮ್ಮಂಥ 90 ವೃತ್ತಿಪರ ಆಟಗಾರರ ಮೇಲೆ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಅಲ್ಲಿ ಪಿಆರ್‌ಪಿ ಪಡೆದವರು 21 ದಿನಕ್ಕೆ ಮರಳಿದರು, ಇಂಜೆಕ್ಷನ್ನೇ ಇಲ್ಲದೆ ಬರೀ ವ್ಯಾಯಾಮ ಮಾಡಿದವರು 25 ದಿನಕ್ಕೆ. ನಾಲ್ಕು ದಿನದ ವ್ಯತ್ಯಾಸ ಇದೆಯಲ್ಲ ಅಂತ ನಿಮ್ಮ ಏಜೆಂಟ್ ಹಿಡಿದುಕೊಳ್ಳಬಹುದು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಆಕಸ್ಮಿಕಕ್ಕಿಂತ ದೊಡ್ಡದಲ್ಲ. ಇಂಜೆಕ್ಷನ್‌ನಿಂದ ಲಾಭ ಅಂತ ಅವರೂ ಹೇಳಲಿಲ್ಲ.

ಗಮನಿಸಿ, ನಿಮ್ಮ ಜೊತೆಗಾರ ಮೂರು ವಾರದಲ್ಲಿ ಆಡಿದ ಅಂದಿರಿ. ಕತಾರ್‌ನಲ್ಲಿ ಏನೂ ಚುಚ್ಚಿಸಿಕೊಳ್ಳದವರೂ ಹತ್ತಿರಹತ್ತಿರ ಅಷ್ಟೇ ಹೊತ್ತಿನಲ್ಲಿ ಆಡಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಕಾಗೆಗೆ ಹೆಸರು ಬರುತ್ತದೆ, ಅಷ್ಟೇ.

ಇನ್ನು ನನಗೆ ಬೇಜಾರಾಗುವ ವಿಷಯಕ್ಕೆ ಬರುತ್ತೇನೆ. ದಿನಗಳನ್ನು ನಿಜವಾಗಿ ಉಳಿಸುವ ಉಪಾಯ ಬೇರೆ ಇದೆ, ಅದರ ಬಗ್ಗೆ ಯಾವ ಏಜೆಂಟೂ ಮಾತಾಡುವುದಿಲ್ಲ, ಯಾಕೆಂದರೆ ಅದರಲ್ಲಿ ಸೂಜಿ ಇಲ್ಲ, ಫೋಟೊ ತೆಗೆದು ಹಾಕುವಂಥದ್ದೂ ಏನೂ ಇಲ್ಲ. 2013ರಲ್ಲಿ ಸ್ವೀಡನ್‌ನ 75 ಉನ್ನತ ಮಟ್ಟದ ಫುಟ್‌ಬಾಲ್ ಆಟಗಾರರಿಗೆ ಎರಡು ಬಗೆಯ ವ್ಯಾಯಾಮ ಕೊಟ್ಟರು. ಒಂದರಲ್ಲಿ ಸ್ನಾಯುವನ್ನು ಉದ್ದಕ್ಕೆ ಎಳೆಯುತ್ತಲೇ ಭಾರ ಹೊರಿಸುವುದು, ಇನ್ನೊಂದು ಆಗ ಎಲ್ಲರೂ ಮಾಡಿಸುತ್ತಿದ್ದ ಮಾಮೂಲಿ ವ್ಯಾಯಾಮ. ಮೊದಲ ಗುಂಪು ಸರಾಸರಿ 28 ದಿನಕ್ಕೆ ಮರಳಿತು, ಎರಡನೆಯದು 51 ದಿನಕ್ಕೆ. ಇಪ್ಪತ್ಮೂರು ದಿನ! 2017ರಲ್ಲಿ ಡೆನ್ಮಾರ್ಕ್‌ನವರು ಇನ್ನೂ ಸರಳವಾದದ್ದನ್ನು ನೋಡಿದರು. ತೊಡೆ ಅಥವಾ ಮೀನಖಂಡದ ಸ್ನಾಯು ಹರಿದವರಲ್ಲಿ ಕೆಲವರಿಗೆ ಎರಡನೇ ದಿನವೇ ವ್ಯಾಯಾಮ ಶುರು ಮಾಡಿಸಿದರು, ಕೆಲವರಿಗೆ ಒಂಬತ್ತನೇ ದಿನ. ಬೇಗ ಶುರು ಮಾಡಿದವರು ಸುಮಾರು ಮೂರು ವಾರ ಮೊದಲೇ ಆಟಕ್ಕೆ ಮರಳಿದರು. ಒಂದು ವಾರ ಮೊದಲು ಶುರು ಮಾಡಿದ್ದಕ್ಕೆ ಮೂರು ವಾರದ ಉಳಿತಾಯ. ಇಂಥ ಫಲಿತಾಂಶ ಕೊಡುವ ಇಂಜೆಕ್ಷನ್ ಯಾರಾದರೂ ಕಂಡುಹಿಡಿದಿದ್ದರೆ ಕ್ಲಬ್‌ಗಳು ಸಾಲುಗಟ್ಟಿ ನಿಂತಿರುತ್ತಿದ್ದವು.

ನಿಮಗೆ ಇವತ್ತು ಒಂಬತ್ತನೇ ದಿನ. ಪಿಆರ್‌ಪಿ ಹಾಕಿಸಿದರೆ ಸಾಮಾನ್ಯವಾಗಿ ಕೆಲವು ದಿನ ಕಾಲಿಗೆ ವಿಶ್ರಾಂತಿ ಕೊಡಿ ಅನ್ನುತ್ತಾರೆ, ಚುಚ್ಚಿದ ಜಾಗ ಬೇರೆ ನೋಯುತ್ತದೆ. ಅಂದರೆ ಕೆಲಸ ಮಾಡುವ ಔಷಧಿಯನ್ನು ನಿಲ್ಲಿಸಿ, ಕೆಲಸ ಮಾಡದ್ದಕ್ಕೆ ಜಾಗ ಬಿಟ್ಟುಕೊಟ್ಟ ಹಾಗೆ. ನನ್ನ ತಕರಾರು ಇದೇ. ಪಿಆರ್‌ಪಿಯಿಂದ ದೊಡ್ಡ ಅಪಾಯ ಇಲ್ಲ, ನಿಮ್ಮದೇ ರಕ್ತ, ಸೋಂಕಿನ ಭಯವೂ ಕಡಿಮೆ. ಆದರೆ ಅದು ನುಂಗುವ ದಿನಗಳು ನಿಮ್ಮವು.

ಹಾಗಾದರೆ ಇಷ್ಟೊಂದು ದೊಡ್ಡ ಆಟಗಾರರು ಯಾಕೆ ಹಾಕಿಸಿಕೊಳ್ಳುತ್ತಾರೆ ಅಂತ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಇದು ಮನೆಮಾತಾಗಿದ್ದು 2009ರಲ್ಲಿ. ಅಮೆರಿಕನ್ ಫುಟ್‌ಬಾಲ್‌ನ ಹೈನ್ಸ್ ವಾರ್ಡ್ ಮಂಡಿಯ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಉಳುಕಿಸಿಕೊಂಡು, ಪಿಆರ್‌ಪಿ ಹಾಕಿಸಿಕೊಂಡು, ಅಲ್ಲಿನ ಫೈನಲ್ ಆದ ಸೂಪರ್ ಬೌಲ್ ಆಡಿದರು, ತಂಡ ಗೆದ್ದಿತು. ಅಲ್ಲಿಂದ ಕ್ಲಿನಿಕ್‌ಗಳ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. 2011ರಲ್ಲಿ ಬಾಸ್ಕೆಟ್‌ಬಾಲ್‌ನ ಕೋಬಿ ಬ್ರಯಾಂಟ್ ಮಂಡಿ ನೋವಿಗೆ ಜರ್ಮನಿಗೆ ಹೋಗಿ ಬಂದರು. ಅದು ಪಿಆರ್‌ಪಿ ಅಲ್ಲ, ರಕ್ತವನ್ನು ಬೆಚ್ಚಗೆ ಇಟ್ಟು, ಉರಿಯೂತ ಇಳಿಸುವ ಪ್ರೋಟೀನ್‌ಗಳನ್ನು ಹೆಚ್ಚಿಸಿ ತೆಗೆದ ಸೀರಂ. ಟೆನಿಸ್‌ನ ನಡಾಲ್ ಕೂಡ ಮಂಡಿಗೆ ಪಿಆರ್‌ಪಿ ಹಾಕಿಸಿಕೊಂಡವರು.

ಈ ಹೆಸರುಗಳಿಗಿಂತ ನನಗೆ ಬೇಸ್‌ಬಾಲ್‌ನ ಮೂರು ಮೊಣಕೈಗಳ ಕಥೆ ಇಷ್ಟ. ಮೂವರೂ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಮೂವರಿಗೂ ಮೊಣಕೈ ಒಳಬದಿಯ ಲಿಗಮೆಂಟ್‌ಗೇ ಪೆಟ್ಟು. ಮಸಾಹಿರೊ ತನಾಕಾಗೆ 2014ರಲ್ಲಿ ಅದು ಅರೆಬರೆ ಹರಿಯಿತು. ಪಿಆರ್‌ಪಿ ಮತ್ತು ವ್ಯಾಯಾಮದಿಂದ ಅದೇ ವರ್ಷ ಸೆಪ್ಟೆಂಬರ್‌ಗೆ ಮರಳಿದರು, ಲಿಗಮೆಂಟ್ ಶಸ್ತ್ರಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಆಡಿದರು. ಗ್ಯಾರೆಟ್ ರಿಚರ್ಡ್ಸ್ 2016ರಲ್ಲಿ ಸ್ಟೆಮ್ ಸೆಲ್ ಚುಚ್ಚಿಸಿಕೊಂಡು ಆಪರೇಷನ್ ತಪ್ಪಿಸಿಕೊಂಡರು ಅಂತ ದೊಡ್ಡ ಸುದ್ದಿ ಆಯಿತು. 2018ರಲ್ಲಿ ಅದೇ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಶೊಹೆ ಓಟಾನಿ 2018ರ ಜೂನ್‌ನಲ್ಲಿ ಪಿಆರ್‌ಪಿ, ಸ್ಟೆಮ್ ಸೆಲ್ ಎರಡನ್ನೂ ಹಾಕಿಸಿಕೊಂಡರು, ಅಕ್ಟೋಬರ್‌ನಲ್ಲಿ ಆಪರೇಷನ್ ಟೇಬಲ್ ಮೇಲಿದ್ದರು. ಒಂದೇ ಗಾಯ, ಒಂದೇ ಜಾತಿಯ ಚಿಕಿತ್ಸೆ, ಮೂರು ದಾರಿ. ತನಾಕಾ ಹೆಸರು ಹೇಳಿ ಮಾರುವವರು ಉಳಿದಿಬ್ಬರ ಹೆಸರು ಹೇಳುವುದಿಲ್ಲ. ತನಾಕಾಗೆ ಪಿಆರ್‌ಪಿಯಿಂದಲೇ ವಾಸಿಯಾಯಿತಾ, ಹರಿದದ್ದು ಸಣ್ಣದಿತ್ತಾ, ವಿಶ್ರಾಂತಿ ಸಾಕಾಗುತ್ತಿತ್ತಾ? ಒಬ್ಬ ಮನುಷ್ಯನನ್ನು ನೋಡಿ ಯಾರೂ ಹೇಳಲಾರರು, ಅವರ ವೈದ್ಯರೂ ಕೂಡ.

ಮತ್ತೊಂದು ಮಾತು. ದೊಡ್ಡ ಆಟಗಾರನ ಸುತ್ತ ಇಂಜೆಕ್ಷನ್ ಒಂದೇ ಇರುವುದಿಲ್ಲ. ಎರಡು ಮೂರು ಫಿಸಿಯೋ, ದಿನಕ್ಕೆ ಎರಡು ಹೊತ್ತು ವ್ಯಾಯಾಮ, ಊಟ ನಿದ್ದೆ ನೋಡಿಕೊಳ್ಳುವವರು, ಇವೆಲ್ಲ ಇರುತ್ತವೆ. ಸುದ್ದಿಯಾಗುವುದು ಮಾತ್ರ ಸೂಜಿ. ಜೊತೆಗೆ ಏನಾದರೂ ಮಾಡಿ ಅನ್ನುವ ಒತ್ತಡ ವೈದ್ಯರ ಮೇಲೂ ಇರುತ್ತದೆ. ಕೋಚ್ ದಿನಾ ಕೇಳುತ್ತಾರೆ, ಮಾಲೀಕರು ಕೇಳುತ್ತಾರೆ. ವ್ಯಾಯಾಮ ಮಾಡಿಸುತ್ತಿದ್ದೇವೆ ಅಂದರೆ ಸುಮ್ನೆ ಕೂತಿದ್ದಾರೆ ಅನ್ನಿಸುತ್ತದೆ, ಪಿಆರ್‌ಪಿ ಕೊಟ್ಟಿದ್ದೇವೆ ಅಂದರೆ ಎಲ್ಲರಿಗೂ ಸಮಾಧಾನ. ನಾನೂ ಆ ಜಾಗದಲ್ಲಿ ನಿಂತಿದ್ದೇನೆ. ಮೊದಮೊದಲು ನಾನೂ ಹ್ಯಾಮ್‌ಸ್ಟ್ರಿಂಗ್‌ಗೆ ಪಿಆರ್‌ಪಿ ಕೊಟ್ಟವನೇ, ಹೋಗಲಿ, ಕೆಡುಕಂತೂ ಇಲ್ಲವಲ್ಲ ಅಂತ. ಈಗ ಕೊಡುವುದಿಲ್ಲ.

ಮಂಡಿಯ ವಿಷಯ ಇಷ್ಟು ಸುಲಭ ಇಲ್ಲ. ಟೆಂಡನ್ ಅಂದರೆ ಹಗ್ಗದ ಹಾಗೆ ಹೆಣೆದ ಕೊಲಾಜನ್ ಎಳೆಗಳು. ಅಲ್ಲಿ ರಕ್ತ ಓಡಾಟ ಕಡಿಮೆ, ಜೀವಕೋಶಗಳೂ ಕಡಿಮೆ, ದುರಸ್ತಿ ಬಲು ನಿಧಾನ. ಎರಡು ವರ್ಷದಿಂದ ನೋಯುವ ಟೆಂಡನ್‌ನಲ್ಲಿ ಆ ಎಳೆಗಳು ಅಡ್ಡಾದಿಡ್ಡಿ ಆಗಿರುತ್ತವೆ, ದೇಹ ದುರಸ್ತಿಯನ್ನು ಅರ್ಧಕ್ಕೇ ಬಿಟ್ಟುಬಿಟ್ಟಿರುತ್ತದೆ. ಇಲ್ಲಿ ಪಿಆರ್‌ಪಿ ಚುಚ್ಚಿದರೆ ನಿಂತ ಕೆಲಸ ಮತ್ತೆ ಶುರುವಾಗಬಹುದು ಅನ್ನುವ ಆಸೆಗೆ ಅರ್ಥ ಇದೆ. ಟೆನಿಸ್ ಎಲ್ಬೋದಲ್ಲಿ, ಅಂದರೆ ಮೊಣಕೈ ಹೊರಬದಿಯ ಟೆಂಡನ್ ನೋವಿನಲ್ಲಿ, ಈ ಆಸೆ ಸ್ವಲ್ಪ ಫಲ ಕೊಟ್ಟಿತು. 2010ರಲ್ಲಿ 100 ಜನರ ಮೇಲೆ ನಡೆದ ಪ್ರಯೋಗದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಮೊದಲು ಗೆದ್ದಿತು, ವರ್ಷ ಕಳೆದಾಗ ಪಿಆರ್‌ಪಿ ಪಡೆದವರು ಮುಂದಿದ್ದರು. ಆದರೆ ಸ್ಟೀರಾಯ್ಡ್ ಟೆಂಡನ್‌ಗೆ ಕಾಲಾಂತರದಲ್ಲಿ ಒಳ್ಳೆಯದಲ್ಲ, ಅದರ ಎದುರು ಗೆಲ್ಲುವುದು ದೊಡ್ಡ ಗೆಲುವೇನಲ್ಲ. ಸಲೈನ್ ಎದುರು ನಿಲ್ಲಿಸಿದಾಗ ಪಿಆರ್‌ಪಿಯ ಹೊಳಪು ಮಸುಕಾಗುತ್ತದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್‌ನಲ್ಲಿ 2010ರ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ, 2021ರಲ್ಲಿ 240 ಜನರ ಮೇಲೆ ಮಾಡಿದಾಗಲೂ ಕಾಣಲಿಲ್ಲ. ನಿಮ್ಮದೇ ಟೆಂಡನ್, ಅಂದರೆ ಮಂಡಿಚಿಪ್ಪಿನ ಕೆಳಗಿನದು, ಅದರ ಮೇಲೆ 2019ರಲ್ಲಿ 57 ಕ್ರೀಡಾಪಟುಗಳಿಗೆ ಬಿಳಿ ರಕ್ತಕಣ ಜಾಸ್ತಿ ಇರುವ ಪಿಆರ್‌ಪಿ, ಕಡಿಮೆ ಇರುವ ಪಿಆರ್‌ಪಿ, ಸಲೈನ್ ಎಂದು ಮೂರು ಬಗೆ ಕೊಟ್ಟು ನೋಡಿದರು. ಎಲ್ಲರಿಗೂ ವ್ಯಾಯಾಮವೂ ಇತ್ತು. ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಪಿಆರ್‌ಪಿ ಪರವಾಗಿ ವಾದಿಸುವವರ ಒಂದು ಮಾತನ್ನು ನಾನು ಒಪ್ಪುತ್ತೇನೆ. ಪಿಆರ್‌ಪಿ ಅನ್ನುವುದು ಒಂದು ಔಷಧಿ ಅಲ್ಲ, ಒಂದೇ ಹೆಸರಿನ ಹತ್ತಾರು ಔಷಧಿ. ಒಂದೊಂದು ಯಂತ್ರದಿಂದ ಒಂದೊಂದು ಬಗೆಯದು ಬರುತ್ತದೆ. ಒಂದೇ ಮನುಷ್ಯನ ರಕ್ತ ಬೇರೆ ಬೇರೆ ದಿನ ಬೇರೆ ಬೇರೆ ಥರ ಇರುತ್ತದೆ. ಹಾಗಾಗಿ ಇಷ್ಟು ಪ್ಲೇಟ್‌ಲೆಟ್ ಹಾಕಿದ್ದರೆ ಕೆಲಸ ಮಾಡುತ್ತಿತ್ತು ಅನ್ನುವ ಸಾಧ್ಯತೆ ಪೂರ್ತಿ ಮುಚ್ಚಿಲ್ಲ. ಸರಿ. ಆದರೆ ಹಾಗಿದ್ದರೆ ಮಾರುವವರು ಯಾವ ಪ್ರಮಾಣ, ಯಾವ ಬಗೆ ಅಂತ ಮೊದಲು ಹೇಳಬೇಕು. ಬಹಳ ಕಡೆ ಸಿರಿಂಜ್‌ನಲ್ಲಿ ಎಷ್ಟು ಪ್ಲೇಟ್‌ಲೆಟ್ ಇವೆ ಅಂತ ಎಣಿಸುವುದೇ ಇಲ್ಲ.

ಆದ್ದರಿಂದ ಮಂಡಿಗೆ ಮೂರು ತಿಂಗಳಾದರೂ ಭಾರ ಹೊರಿಸುವ ವ್ಯಾಯಾಮ ಬಿಡದೆ ಮಾಡಿ. ನಿಧಾನವಾಗಿ, ನಿಜವಾಗಿಯೂ ಭಾರವಾಗಿ. ಎರಡು ವರ್ಷದಿಂದ ಮಾಡುತ್ತಲೇ ಇದ್ದೇನೆ ಅನ್ನಬೇಡಿ. ಹತ್ತರಲ್ಲಿ ಎಂಟು ಜನ ಹಾಗೆ ಹೇಳಿ, ಕೇಳಿದರೆ ವಾರಕ್ಕೊಮ್ಮೆ ಹಗುರವಾಗಿ ಮಾಡಿರುತ್ತಾರೆ. ನಿಜವಾಗಿ ಮಾಡಿಯೂ ನೋವು ಇಳಿಯದಿದ್ದರೆ, ಮುಂದೆ ಎರಡು ಮೂರು ತಿಂಗಳು ಪಂದ್ಯ ಇಲ್ಲದಿದ್ದರೆ, ಆಪರೇಷನ್‌ಗೆ ಮುಂಚೆ ಒಂದು ಪ್ರಯತ್ನ ಅಂತ ಪಿಆರ್‌ಪಿ ಕೊಡಲು ನಾನೇ ಒಪ್ಪುತ್ತೇನೆ. ಇಂಥ ಕಡೆ ಅದಕ್ಕೆ ಜಾಗ ಇದೆ. ಆಗ ಇಂಜೆಕ್ಷನ್‌ಗೆ ಮೊದಲೂ ನಂತರವೂ ಒಂದೆರಡು ವಾರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನಿಲ್ಲಿಸಬೇಕು. ಅವು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡ ಬರುತ್ತವೆ. ದುಡ್ಡು ಕೊಟ್ಟು ಪ್ಲೇಟ್‌ಲೆಟ್ ಹಾಕಿಸಿಕೊಂಡು, ಸಂಜೆ ಮಾತ್ರೆ ನುಂಗಿ ಅದನ್ನು ಮಲಗಿಸುವವರನ್ನು ಎಷ್ಟೋ ನೋಡಿದ್ದೇನೆ.

ಈಗ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಈ ಹೆಸರಲ್ಲೇ ಅರ್ಧ ಮಾರಾಟ ಆಗಿಹೋಗುತ್ತದೆ. ಮೂಳೆ ಮಜ್ಜೆಯಿಂದ ತೆಗೆದು ಅಲ್ಲೇ ಸಾಂದ್ರ ಮಾಡಿ ಚುಚ್ಚುವುದನ್ನು ಸ್ಟೆಮ್ ಸೆಲ್ ಅನ್ನುತ್ತಾರೆ. ಅದರಲ್ಲಿ ನಿಜವಾಗಿ ಆ ಜಾತಿಯ ಕೋಶ ಲಕ್ಷಕ್ಕೆ ಒಂದರಿಂದ ಹತ್ತು. ಅವು ಹೋಗಿ ಹೊಸ ಟೆಂಡನ್, ಹೊಸ ಕಾರ್ಟಿಲೇಜ್ (ಕೀಲಿನ ಮೃದ್ವಸ್ಥಿ) ಆಗಿ ಬೆಳೆಯುತ್ತವೆ ಅನ್ನುವ ಚಿತ್ರವೂ ಹಳೆಯದಾಯಿತು. 1991ರಲ್ಲಿ ಇವಕ್ಕೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಅಂತ ಹೆಸರಿಟ್ಟ ಅರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರು ಬದಲಿಸೋಣ ಅಂತ ಬರೆದರು. ಇವು ಹೊಸ ಅಂಗಾಂಶ ಆಗುವುದಕ್ಕಿಂತ ಸುತ್ತಲಿನ ಕೋಶಗಳಿಗೆ ಸಂದೇಶ ಕಳಿಸುವ ಕೆಲಸ ಮಾಡುತ್ತವೆ, ಸ್ಟೆಮ್ ಸೆಲ್ ಅನ್ನುವ ಹೆಸರಿನಿಂದ ರೋಗಿಗಳು ಮೋಸ ಹೋಗುತ್ತಿದ್ದಾರೆ ಅನ್ನುವುದು ಅವರ ವಾದ. ಹೆಸರಿಟ್ಟವರೇ ಹೀಗೆ ಹೇಳಿದ ಮೇಲೆ ಇನ್ನೇನು! 2023ರಲ್ಲಿ ಮಂಡಿ ಸವೆತದ 475 ರೋಗಿಗಳ ಮೇಲಿನ ದೊಡ್ಡ ಪ್ರಯೋಗ ಮುಗಿಯಿತು. ಮೂಳೆ ಮಜ್ಜೆಯದು, ಕೊಬ್ಬಿನದು, ಹೊಕ್ಕುಳಬಳ್ಳಿಯದು, ಮೂರನ್ನೂ ಸ್ಟೀರಾಯ್ಡ್ ಇಂಜೆಕ್ಷನ್ ಎದುರು ಇಟ್ಟು ನೋಡಿದರು. ಒಂದು ವರ್ಷಕ್ಕೆ ಯಾವುದೂ ಮುಂದೆ ಇರಲಿಲ್ಲ.

ಅಪಾಯದ ಲೆಕ್ಕವೂ ಇಲ್ಲಿ ಬೇರೆ. ನಿಮ್ಮದಲ್ಲದ, ಬಾಟಲಿಯಲ್ಲಿ ಬರುವ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಹಾಕಿಸಿಕೊಂಡ 12 ಜನ ಅಮೆರಿಕದಲ್ಲಿ ಬ್ಯಾಕ್ಟೀರಿಯಾ ಸೋಂಕಾಗಿ ಆಸ್ಪತ್ರೆ ಸೇರಿದ್ದನ್ನು 2018ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ವರದಿ ಮಾಡಿತು. ಕೀಲಿನೊಳಗೆ ಸೋಂಕು ಅಂದರೆ ಐದು ವಾರದ ಪಂದ್ಯ ಬಿಡಿ, ವೃತ್ತಿಯೇ ಮುಗಿಯಬಹುದು.

ಜೀವಕೋಶದ ಚಿಕಿತ್ಸೆ ಎಲ್ಲವೂ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಮಂಡಿಯ ಕಾರ್ಟಿಲೇಜ್‌ನಲ್ಲಿ ಒಂದು ಕಡೆ ಮಾತ್ರ ಗುಂಡಿ ಬಿದ್ದಿದ್ದರೆ, ನಿಮ್ಮದೇ ಕಾರ್ಟಿಲೇಜ್ ಕೋಶ ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಮತ್ತೆ ಅಲ್ಲೇ ನೆಡುವ ವಿಧಾನ ಇದೆ. 1994ರಲ್ಲಿ ಸ್ವೀಡನ್‌ನವರು ಮೊದಲು ಪ್ರಕಟಿಸಿದರು, ಈಗ ಚೆನ್ನಾಗಿ ಬೇರೂರಿದ ಚಿಕಿತ್ಸೆ. ಆದರೆ ಅದಕ್ಕೆ ಎರಡು ಆಪರೇಷನ್ ಬೇಕು, ಆಟಕ್ಕೆ ಮರಳಲು ಒಂದು ವರ್ಷದ ಮೇಲೆಯೇ ಹಿಡಿಯಬಹುದು. ನಿಮಗೆ ಆ ಗಾಯ ಇಲ್ಲ, ಹಾಗಾಗಿ ಇಲ್ಲಿಗೆ ಬಿಡುತ್ತೇನೆ.

ಡೋಪಿಂಗ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಬಹಳ ಜನ ಹಾಕಿಸಿಕೊಂಡ ಮೇಲೆ ಕೇಳುತ್ತಾರೆ. ಪಿಆರ್‌ಪಿಗೆ ಈಗ ನಿಷೇಧ ಇಲ್ಲ. 2010ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಸ್ನಾಯುವಿನೊಳಗೆ ಪಿಆರ್‌ಪಿ ಚುಚ್ಚುವುದನ್ನು ನಿಷೇಧಿಸಿತ್ತು. ಶಕ್ತಿ ಹೆಚ್ಚಿಸುತ್ತದೆ ಅನ್ನುವುದಕ್ಕೆ ಆಧಾರ ಸಿಗದ ಕಾರಣ 2011ರ ಪಟ್ಟಿಯಿಂದ ತೆಗೆದರು. ಆದರೆ ಪ್ಲೇಟ್‌ಲೆಟ್ ಒಳಗೆ ಇರುವ ಅದೇ ಬೆಳವಣಿಗೆ ಅಂಶಗಳನ್ನು ಬಿಡಿಯಾಗಿ ಹಾಕಿಸಿಕೊಂಡರೆ, ಉದಾಹರಣೆಗೆ ಐಜಿಎಫ್-1, ಅದು ನಿಷಿದ್ಧ. ಕೆಲವು ಕಡೆ ಪಿಆರ್‌ಪಿ ಜೊತೆ ಏನೋ ಒಂದು ಬೆರೆಸಿ ಸ್ಪೆಷಲ್ ಅಂತ ಕೊಡುತ್ತಾರೆ, ತಲೆನೋವು ಅಲ್ಲೇ ಇರುವುದು. ಸ್ಟೆಮ್ ಸೆಲ್‌ನಲ್ಲಿ ಕೋಶಗಳನ್ನು ಹೇಗೆ ಸಂಸ್ಕರಿಸಿದರು, ಏನು ಸೇರಿಸಿದರು ಅನ್ನುವುದರ ಮೇಲೆ ನಿಯಮ ನಿಂತಿದೆ, ಬೇರೆ ದೇಶದ ಕ್ಲಿನಿಕ್‌ನ ಲ್ಯಾಬ್‌ನಲ್ಲಿ ಏನು ನಡೆಯಿತು ಅಂತ ನೀವು ಹೇಗೆ ಸಾಬೀತು ಮಾಡುತ್ತೀರಿ? ಗಾಯ ಬೇಗ ಮಾಗುತ್ತದೆ ಅಂತ ಬಿಪಿಸಿ-157 ಅನ್ನುವ ಪೆಪ್ಟೈಡ್ ಅನ್ನು ಯಾರಾದರೂ ಕೊಡಲು ಬಂದರೆ ಮುಟ್ಟಲೇಬೇಡಿ, 2022ರಿಂದ ಅದು ಹೆಸರು ಸಮೇತ ಪಟ್ಟಿಯಲ್ಲಿದೆ. ಅದೇ ವರ್ಷದಿಂದ ಪಂದ್ಯದ ಅವಧಿಯಲ್ಲಿ ಉರಿಯೂತ ಇಳಿಸುವ ಸ್ಟೀರಾಯ್ಡ್ ಇಂಜೆಕ್ಷನ್‌ಗಳೂ ನಿಷಿದ್ಧ, ಕೀಲಿಗೆ ಹಾಕಿದ್ದಾದರೂ ಅಷ್ಟೇ. ವೈದ್ಯರು ಕೊಟ್ಟರು, ನನಗೆ ಗೊತ್ತಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ. ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ.

ಇಷ್ಟೆಲ್ಲ ಓದಿಯೂ ಮುಂದೆ ಯಾವತ್ತಾದರೂ ಚುಚ್ಚಿಸಿಕೊಳ್ಳುವುದಾದರೆ, ಕೊಡುವವರ ಹತ್ತಿರ ಏನು ಹಾಕುತ್ತೀರಿ, ಎಷ್ಟು ಸಾಂದ್ರತೆ, ಬೇರೆ ಏನಾದರೂ ಬೆರೆಸುತ್ತೀರಾ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕ್ಲಬ್ ವೈದ್ಯರಿಂದ ಮುಚ್ಚಿಡಬೇಡಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಆ ಐದು ವಾರ. ನಿಮ್ಮ ಎಂಆರ್‌ಐಯಲ್ಲಿ ಟೆಂಡನ್ ಸರಿಯಾಗಿದೆ ಅನ್ನುವ ಸಾಲೇ ಒಳ್ಳೆಯ ಸುದ್ದಿ, ಟೆಂಡನ್ ಕೂಡ ಹರಿದಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ನಾಳೆ ಬೆಳಿಗ್ಗೆಯೇ ಫಿಸಿಯೋ ಹತ್ತಿರ ಹೋಗಿ, ಸ್ನಾಯುವನ್ನು ಉದ್ದಕ್ಕೆ ಎಳೆದು ಮಾಡುವ ವ್ಯಾಯಾಮ ಎಲ್ಲಿಗೆ ಬಂತು ಕೇಳಿ. ಮೈದಾನಕ್ಕೆ ಇಳಿಯುವ ಮುಂಚೆ ಎರಡೂ ಕಾಲಿನ ಬಲ ಹತ್ತಿರಹತ್ತಿರ ಒಂದೇ ಇರಬೇಕು, ಪೂರ್ತಿ ವೇಗದ ಓಟವನ್ನು ಹಲವು ಸಲ ನೋವಿಲ್ಲದೆ ಓಡಿರಬೇಕು, ಕಾಲು ಎತ್ತಿ ಚಾಚುವಾಗ ಒಳಗೊಳಗೆ ಭಯ ಇರಬಾರದು. ಇದರಲ್ಲಿ ಒಂದು ಬಾಕಿ ಇದ್ದರೂ ಆ ಪಂದ್ಯ ಬಿಡಿ. ಹ್ಯಾಮ್‌ಸ್ಟ್ರಿಂಗ್ ಎರಡನೇ ಸಲ ಹರಿದರೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಜಾಸ್ತಿ ದಿನ ಕೂರಿಸುತ್ತದೆ.